ಬಾಣಲೆಯಲ್ಲಿ ಉಳಿದ ಎಣ್ಣೆ ಯಾರ ಪಾಲು?

ಕರಿದು ಉಳಿದ ಅಡಿಗೆ ಎಣ್ಣೆಯಿಂದ ಡೀಸೆಲ್ ಆಗುತ್ತದೆಂಬುದು ಈಗ ಗುಟ್ಟಿನ ಸಂಗತಿಯಾಗಿ ಉಳಿದಿಲ್ಲ. ಒಂದು ಡ್ರಮ್ಮು, ಒಂದಿಷ್ಟು ಮೆಥನಾಲ್, ಒಂದಿಷ್ಟು ಕಾಸ್ಟಿಕ್ ಸೋಡ ಇದ್ದರೆ ಹಿತ್ತಿಲಿನಲ್ಲೇ ಮಾಡಿಕೊಳ್ಳಬಹುದೆಂದು ಹೇಳುವವರಿದ್ದಾರೆ. ಬೆಂಗಳೂರಿನ ಪೂರ್ವಕ್ಕಿರುವ ರಾಮಮೂರ್ತಿ ನಗರದಂತಹ ಬಡಾವಣೆಯಲ್ಲಿ ಗೂಡ್ಸ್ ಆಟೋ, ಟೆಂಪೊ ಇಟ್ಟುಕೊಂಡು ಸಂಸಾರ ಸಾಗಿಸುವವನಿಗೆ ಈ ಮಾತು ಆಸೆ ಹುಟ್ಟಿಸುವುದು ಸಹಜ. ೨೦೨೫ರ ಏಪ್ರಿಲಿನಲ್ಲಿ ರಾಜ್ಯ ಸರಕಾರವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇಕಡ ೧೮.೪೪ರಿಂದ ೨೧.೧೭ಕ್ಕೆ ಏರಿಸಿದಾಗ ಲೀಟರಿಗೆ ೨ ರೂಪಾಯಿ ಹೆಚ್ಚಾಯಿತು. ಬಾಡಿಗೆಯ ದರ ಅಷ್ಟೇ ವೇಗವಾಗಿ ಏರುವುದಿಲ್ಲವೆಂಬುದು ಗಾಡಿ ಓಡಿಸುವವರೆಲ್ಲರಿಗೂ ತಿಳಿದ ವಿಷಯ.

ನಾವು ಈ ಸಂಗತಿಯನ್ನು ಇಲ್ಲಿ ಎತ್ತಿಕೊಂಡಿರುವುದಕ್ಕೆ ಇನ್ನೂ ದೊಡ್ಡ ಕಾರಣವುಂಟು. ರಾತ್ರಿ ಒಲೆ ಆರಿಸಿದ ಮೇಲೆ ಬಾಣಲೆಯ ತಳದಲ್ಲಿ ಉಳಿಯುವ ಎರಡು ಲೀಟರು ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತದೆ? ಅದರ ಕೆಡುಕು ಯಾರ ಹೊಟ್ಟೆಗೆ ಸೇರುತ್ತದೆ, ಅದರ ಬೆಲೆ ಯಾರ ಕಿಸೆಗೆ ಸೇರುತ್ತದೆ? ಇದು ಬೆಂಗಳೂರಿನ ಒಂದು ಬಡಾವಣೆಯ ಪ್ರಶ್ನೆ ಮಾತ್ರವಲ್ಲ. ನಮ್ಮ ಊರಿನ ಗಿರಣಿ ಗೇಟಿನ ಮುಂದಿನ ಮಿರ್ಚಿ ಗಾಡಿಗೂ, ಸಂತೆಪೇಟೆಯ ಖಾರದ ಅಂಗಡಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಹೊಟ್ಟೆಯ ದಾರಿ

ಸಂಜೆಯಾಯಿತೆಂದರೆ ಹೊರ ವರ್ತುಲ ರಸ್ತೆಯಿಂದ ಕಲ್ಕೆರೆಯ ಕಡೆ ಹೋಗುವ ರಸ್ತೆಯಲ್ಲೂ, ಕೃಷ್ಣರಾಜಪುರದ ಟಿನ್ ಫ್ಯಾಕ್ಟರಿಯ ಆಸುಪಾಸಿನಲ್ಲೂ ಬಾಣಲೆಗಳು ಒಲೆಗೇರುತ್ತವೆ. ಬಜ್ಜಿ, ಬೋಂಡ, ಗೋಬಿ ಮಂಚೂರಿ, ಕಬಾಬು, ಚಿಪ್ಸು. ಪಾಳಿ ಮುಗಿಸಿ ಬರುವ ಗಾರ್ಮೆಂಟಿನ ಹೆಣ್ಣುಮಕ್ಕಳಿಗೆ, ಕಟ್ಟಡದ ಕೂಲಿಗಳಿಗೆ, ಮನೆಮನೆಗೆ ಸಾಮಾನು ಹೊರುವ ಹುಡುಗರಿಗೆ ಕೈಗೆಟಕುವ ಸಂಜೆಯ ತಿಂಡಿ ಇದೇ. ದುಡಿಯುವ ಜನ ತಿನ್ನುವ ಆಹಾರದ ಗುಣ ಆ ಬಾಣಲೆಯ ಎಣ್ಣೆಯ ಗುಣಕ್ಕಿಂತ ಮೇಲೇರಲಾರದು.

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆಯುತ್ತದೆ. ಬಣ್ಣ ಕಪ್ಪಾಗುತ್ತದೆ, ಮಂದವಾಗುತ್ತದೆ, ಏಳುವ ನೊರೆ ಬೇಗ ಇಳಿಯುವುದಿಲ್ಲ, ಮೊದಲಿಗಿಂತ ಕಡಿಮೆ ಕಾವಿಗೇ ಹೊಗೆ ಬರುತ್ತದೆ. ಇದರಿಂದ ಹುಟ್ಟುವ ಕೆಟ್ಟ ಪದಾರ್ಥಗಳಿಗೆ ವಿಜ್ಞಾನಿಗಳು ಧ್ರುವೀಯ ಸಂಯುಕ್ತಗಳೆಂದು ಹೆಸರಿಟ್ಟಿದ್ದಾರೆ. ರಕ್ತದ ಒತ್ತಡ, ರಕ್ತನಾಳಗಳು ಗಡುಸಾಗುವುದು, ಪಿತ್ತಜನಕಾಂಗದ ರೋಗ, ಇವುಗಳಿಗೂ ಇಂತಹ ಎಣ್ಣೆಗೂ ಸಂಬಂಧವಿದೆಯೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ೨೦೧೮ರ ಜುಲೈ ೧ರಿಂದ ಈ ಸಂಯುಕ್ತಗಳು ಶೇಕಡ ೨೫ನ್ನು ಮೀರಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂಬ ನಿಯಮ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ ೧೦ರಂದು, ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ಲಿಗೆ ಕಳುಹಿಸುವ 'ರೂಕೋ' ಎಂಬ ಯೋಜನೆಯನ್ನು ಪ್ರಾಧಿಕಾರ ಹೊರಡಿಸಿತು. ೨೦೧೯ರ ಮಾರ್ಚ್ ೧ರಿಂದ, ದಿನಕ್ಕೆ ೫೦ ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ವ್ಯಾಪಾರಸ್ಥರು ಲೆಕ್ಕ ಇಡಬೇಕು, ಉಳಿದುದನ್ನು ಅಧಿಕೃತ ಸಂಗ್ರಾಹಕರಿಗೆ ಕೊಡಬೇಕು ಎಂದಾಯಿತು.

ನಿಯಮ ಒಳ್ಳೆಯದೇ. ಆದರೆ ಅದರಲ್ಲಿ ಒಂದು ದೊಡ್ಡ ಕಿಂಡಿ ಉಳಿದುಹೋಗಿದೆ. ದೊಡ್ಡ ಅಡಿಗೆಮನೆಗಳಲ್ಲಿ ಕರಿದು ಬಿಟ್ಟ ಎಣ್ಣೆ ಸಣ್ಣ ಹೋಟಲುಗಳಿಗೂ, ಢಾಬಾಗಳಿಗೂ, ರಸ್ತೆ ಬದಿಯ ಗಾಡಿಗಳಿಗೂ ಹರಿದು ಬರುತ್ತದೆಂದು ಪ್ರಾಧಿಕಾರವೇ ಒಪ್ಪಿದೆ. ಸಿರಿವಂತನ ತಟ್ಟೆಗೆ ಬೇಡವಾದ ಎಣ್ಣೆ ಬಡವನ ತಟ್ಟೆಗೆ ಹೊಸದಾಗಿ ಬರುತ್ತದೆ ಎಂದಾಯಿತಲ್ಲವೆ? ದಿನಕ್ಕೆ ಐದು ಲೀಟರು ಸುರಿಯುವ ಗಾಡಿಯವನು ೫೦ ಲೀಟರಿನ ನಿಯಮದ ಹೊರಗೆ ನಿಲ್ಲುತ್ತಾನೆ. ಅವನಿಗೆ ಲೆಕ್ಕದ ಕಟ್ಟುಪಾಡೂ ಇಲ್ಲ, ಅವನ ಬಳಿಗೆ ಬರುವ ಸಂಗ್ರಾಹಕನೂ ಇಲ್ಲ. ಶೇಕಡ ೨೫ರ ಮಿತಿ ಮಾತ್ರ ಅವನ ತಲೆಯ ಮೇಲೂ ಇದೆ. ತಪಾಸಣೆಗೆಂದು ಯಾರಾದರೂ ಬಂದರೆ ಮೊದಲು ಸಿಕ್ಕಿ ಬೀಳುವವನು ಅವನೇ.

ಗಾಡಿಯವನ ಲೆಕ್ಕ

ಸಣ್ಣ ವ್ಯಾಪಾರಿಗೆ ದುರಾಸೆ, ಆದ್ದರಿಂದ ಹಳೆಯ ಎಣ್ಣೆ ಚೆಲ್ಲುವುದಿಲ್ಲ ಎಂದು ಹೇಳುವವರು ಅವನ ಲೆಕ್ಕವನ್ನು ಒಮ್ಮೆ ನೋಡಬೇಕು. ನಮ್ಮ ದೇಶ ತನಗೆ ಬೇಕಾದ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊರಗಿನಿಂದ ತರಿಸುತ್ತದೆ. ಗಾಡಿಗಳಲ್ಲಿ ಬಹುಪಾಲು ಸುರಿಯುವ ತಾಳೆ ಎಣ್ಣೆ ಇಂಡೋನೇಷ್ಯ, ಮಲೇಷ್ಯಗಳಿಂದ ಬರುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕಚ್ಚಾ ಎಣ್ಣೆಗಳ ಆಮದು ಸುಂಕವನ್ನು ಶೇಕಡ ೫.೫ರಿಂದ ೨೭.೫ಕ್ಕೆ ಏರಿಸಿತು. ೨೦೨೫ರ ಮೇ ತಿಂಗಳ ಕೊನೆಯಲ್ಲಿ ಅದನ್ನು ೧೬.೫ಕ್ಕೆ ಇಳಿಸಿತು. ಎಣ್ಣೆಕಾಳು ಬೆಳೆಯುವ ರೈತನಿಗೆ ಬೆಲೆ ಸಿಗಲೆಂದು ಸುಂಕ ಹಾಕುವುದನ್ನು ನಾವು ವಿರೋಧಿಸುವುದಿಲ್ಲ. ಆದರೆ ದಿಲ್ಲಿಯಲ್ಲಿ ಒಂದು ಸಹಿ ಬಿದ್ದರೆ ರಾಮಮೂರ್ತಿ ನಗರದ ಬಾಣಲೆ ಇನ್ನೊಂದು ದಿನ ಹೆಚ್ಚು ಕಾಯುತ್ತದೆ ಎಂಬುದನ್ನು ಮರೆಯಬಾರದು.

ಎಣ್ಣೆ ಲೀಟರಿಗೆ ೧೪೦ ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಲೀಟರು ಹಳೆಯ ಎಣ್ಣೆ ಚೆಲ್ಲಿದರೆ ೨೮೦ ರೂಪಾಯಿ ಚರಂಡಿಯ ಪಾಲು. ದಿನದ ಗಳಿಕೆಯೇ ಕೆಲವು ನೂರು ರೂಪಾಯಿ ಇರುವವನು ಅದನ್ನು ಮಾಡಲಾರ. ಅದೇ ಎಣ್ಣೆಯನ್ನು ಲೀಟರಿಗೆ ೫೦ ರೂಪಾಯಿ ಕೊಟ್ಟು ಕೊಳ್ಳುವವರು ಅವನ ಗಾಡಿಯ ಬಳಿಗೇ ಬಂದರೆ ೧೦೦ ರೂಪಾಯಿ ಕೈಗೆ ಬರುತ್ತದೆ. ತಿಂಗಳಿಗೆ ೨೬ ದಿನದ ವ್ಯಾಪಾರವೆಂದರೆ ೨,೬೦೦ ರೂಪಾಯಿ. ಆಗ ಹಳೆಯ ಎಣ್ಣೆಯನ್ನು ಬಿಡುವುದು ಅವನಿಗೆ ಸಾಧ್ಯವಾಗುತ್ತದೆ. ಉಪದೇಶದಿಂದಲೂ ದಂಡದಿಂದಲೂ ಆಗದ ಕೆಲಸ ನ್ಯಾಯವಾದ ಬೆಲೆಯಿಂದ ಆಗುತ್ತದೆ. ಬಳಸಿದ ಎಣ್ಣೆಯನ್ನು ಇಂಧನ ಮಾಡುವ ವಿಚಾರದಲ್ಲಿ ನಮಗೆ ಆಸಕ್ತಿ ಹುಟ್ಟಿರುವುದು ಮುಖ್ಯವಾಗಿ ಇದೇ ಕಾರಣದಿಂದ.

ಯಂತ್ರದ ದಾರಿ

ಸಸ್ಯದ ಎಣ್ಣೆಯಿಂದ ಎಂಜಿನ್ ಓಡುವುದು ಹೊಸ ಮಾತಲ್ಲ. ೧೯೦೦ರಲ್ಲಿ ಪ್ಯಾರಿಸಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ಕಂಡುಹಿಡಿದ ಮಾದರಿಯ ಒಂದು ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದಲೇ ಓಡಿಸಿ ತೋರಿಸಲಾಗಿತ್ತು. ನಮ್ಮ ನಾಡಿನಲ್ಲಿಯೂ ಈ ದಾರಿಯಲ್ಲಿ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ಕಗ್ಗನಹಳ್ಳಿ ಎಂಬ ಗ್ರಾಮದಲ್ಲಿ ನೀರೆತ್ತಿಸಿದರು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಹಿಪ್ಪೆ, ಬೇವು ನಮ್ಮ ಹೊಲದ ಬದುಗಳ ಮರಗಳು. ಅವುಗಳ ಜೊತೆಗೆ ಬಾಣಲೆಯ ಎಣ್ಣೆಯೂ ಸೇರಬಹುದು.

ಇದರ ವಿಧಾನವನ್ನು ಓದುಗರು ತಿಳಿದುಕೊಂಡಿರುವುದು ಒಳ್ಳೆಯದು. ಅಡಿಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಾಲು ಮಂದ. ಹಾಗೆಯೇ ಟ್ಯಾಂಕಿಗೆ ಸುರಿದರೆ ಇಂಜೆಕ್ಟರಿನ ಸಣ್ಣ ರಂಧ್ರಗಳಲ್ಲಿ ಕಿಟ್ಟ ಕಟ್ಟಿ ಕೆಲವು ಕಾಲದಲ್ಲಿ ಎಂಜಿನ್ ಕೆಡುತ್ತದೆ. ಆದಕಾರಣ ಎಣ್ಣೆಯನ್ನು ಸೋಸಿ, ನೀರಿನಂಶ ಹೋಗುವಂತೆ ಕಾಯಿಸಿ, ಮೆಥನಾಲಿನಲ್ಲಿ ಕರಗಿಸಿದ ಕ್ಷಾರದೊಡನೆ ಸುಮಾರು ೬೦ ಡಿಗ್ರಿ ಕಾವಿನಲ್ಲಿ ಕಲಕುತ್ತಾರೆ. ೧೦೦ ಲೀಟರು ಎಣ್ಣೆಗೆ ಸುಮಾರು ೨೦ ಲೀಟರು ಮೆಥನಾಲ್ ಬೇಕಾಗುತ್ತದೆ. ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ನಿಂತ ತೆಳು ದ್ರವವನ್ನು ನೀರಿನಲ್ಲಿ ತೊಳೆದು ಒಣಗಿಸಿದರೆ ಜೈವಿಕ ಡೀಸೆಲ್. ಇದರ ಗುಣಮಟ್ಟಕ್ಕೆ ಭಾರತೀಯ ಮಾನಕ ೧೫೬೦೭ ಎಂಬ ನಿರ್ದಿಷ್ಟ ಮಾನಕವಿದೆ.

ಕೇಳಲು ಸುಲಭ. ತೊಡಕೆಲ್ಲ ಬಳಸಿದ ಎಣ್ಣೆಯಲ್ಲಿಯೇ ಇದೆ. ಹೆಚ್ಚು ಕಾಯ್ದ ಎಣ್ಣೆಯಲ್ಲಿ ಆಮ್ಲ ಹೆಚ್ಚು, ಬೋಂಡದ ಹಿಟ್ಟಿನಿಂದ ಇಳಿದ ನೀರು ಹೆಚ್ಚು. ಆಮ್ಲ ಎಷ್ಟಿದೆಯೆಂದು ಪ್ರತಿ ಸಲವೂ ಪರೀಕ್ಷಿಸಿ ಕ್ಷಾರದ ಪ್ರಮಾಣ ಗೊತ್ತುಮಾಡದಿದ್ದರೆ ಡ್ರಮ್ಮಿನ ತುಂಬ ಡೀಸೆಲ್ ಬದಲು ಸಾಬೂನು ಸಿಗುತ್ತದೆ.

ಹಿತ್ತಿಲ ಡ್ರಮ್ಮು ಬೇಡ

ಇನ್ನು ಮನೆಯಲ್ಲಿಯೇ ಮಾಡುವ ಮಾತು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತವಾಗಿದೆ: ಬೇಡ. ಸ್ವಂತ ಕೈಯಿಂದ ಏನನ್ನಾದರೂ ಮಾಡಿ ದೊಡ್ಡ ಕಂಪನಿಗಳ ಹಿಡಿತದಿಂದ ಪಾರಾಗಬೇಕೆಂಬ ತರುಣರ ಹುಮ್ಮಸ್ಸನ್ನು ನಾವು ಗೌರವಿಸುತ್ತೇವೆ. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕು.

ಮೆಥನಾಲ್ ಎಂಬುದು ಬೆಂಗಳೂರಿನ ಶ್ರಮಜೀವಿಗಳಿಗೆ ಅಪರಿಚಿತವಾದ ಪದಾರ್ಥವಲ್ಲ. ೧೯೮೧ರ ಜುಲೈನಲ್ಲಿ ಈ ವಿಷ ಬೆರೆತ ಕಳ್ಳಭಟ್ಟಿ ಕುಡಿದು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ೨೦೦೮ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಗಡಿ ಊರುಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಬಹುಮಂದಿ ಕೂಲಿಕಾರರು. ಈ ದ್ರವ ಸ್ವಲ್ಪವೇ ಒಳಗೆ ಹೋದರೂ ಕಣ್ಣು ಹೋಗುತ್ತದೆ. ಚರ್ಮದ ಮೂಲಕವೂ ಮೈಗೆ ಹತ್ತುತ್ತದೆ. ೬೫ ಡಿಗ್ರಿಗೇ ಕುದಿಯುವುದರಿಂದ ೬೦ ಡಿಗ್ರಿಗೆ ಕಾಯಿಸುವ ಡ್ರಮ್ಮಿನಿಂದ ಆವಿ ಏಳುತ್ತಲೇ ಇರುತ್ತದೆ. ಬೆಂಕಿ ಹತ್ತಿದರೆ ಹಗಲಿನ ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ೨೦ಕ್ಕೆ ೩೦ ಅಡಿಯ ನಿವೇಶನದಲ್ಲಿ ಮೂರು ಸಂಸಾರ ಬಾಳುವ ವಠಾರದ ಮಹಡಿಯ ಮೇಲೆ ಇದನ್ನು ಕಾಯಿಸುವುದೆಂದರೆ ನೆರೆಹೊರೆಯವರ ಜೀವವನ್ನು ಪಣಕ್ಕಿಟ್ಟಂತೆ. ಮೆಥನಾಲಿಗೆ ಪರವಾನಿಗೆಯ ಕಟ್ಟುಪಾಡು ಇರುವುದು ಸುಮ್ಮನೆ ಅಲ್ಲ. ಅದರ ಡಬ್ಬಿಗಳು ಬಡಾವಣೆಗಳಲ್ಲಿ ಓಡಾಡಲು ತೊಡಗಿದರೆ ಅವುಗಳಲ್ಲಿ ಒಂದು ಕಳ್ಳಭಟ್ಟಿಯವನ ಕೈ ಸೇರುವುದಿಲ್ಲವೆಂದು ಯಾರು ಭರವಸೆ ಕೊಟ್ಟಾರು?

ಲಾಭದ ಲೆಕ್ಕವೂ ಅಷ್ಟು ಸರಳವಲ್ಲ. ಜೈವಿಕ ಡೀಸೆಲ್ಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಶೇಕಡ ಎಂಟು ಹತ್ತರಷ್ಟು ಕಡಿಮೆ. ಹಳೆಯ ಗಾಡಿಗಳ ರಬ್ಬರು ಕೊಳವೆಗಳನ್ನು ಅದು ಮೆತ್ತಗೆ ಮಾಡುತ್ತದೆ. ತಾಳೆ ಎಣ್ಣೆಯಿಂದ ಮಾಡಿದ್ದಾದರೆ ೧೫ ಡಿಗ್ರಿಯ ಆಸುಪಾಸಿನಲ್ಲೇ ಮಸುಕಾಗಿ ಗಟ್ಟಿಯಾಗತೊಡಗುತ್ತದೆ. ಧನುರ್ಮಾಸದ ಬೆಳಗಿನ ಜಾವ ತರಕಾರಿ ಹೇರಲು ಹೊರಟ ಗಾಡಿ ಫಿಲ್ಟರು ಕಟ್ಟಿಕೊಂಡು ನಿಂತರೆ ಆ ದಿನದ ಬಾಡಿಗೆ ಹೋಯಿತು, ಮೆಕ್ಯಾನಿಕ್ಕಿನ ಕೂಲಿ ಮೇಲೆ ಬಿತ್ತು. ತೊಳೆದು ಬಿಟ್ಟ ಸಾಬೂನು ನೀರು, ಮೆಥನಾಲ್ ಉಳಿದ ಗ್ಲಿಸರಿನ್ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಇಳಿಯುತ್ತದೆ. ಹತ್ತು ಮನೆಯ ಹಿತ್ತಿಲಲ್ಲಿ ಹತ್ತು ಡ್ರಮ್ಮು ಇಡುವುದಕ್ಕಿಂತ, ಗೋಡೆಬೇಲಿ ಇರುವ ಒಂದು ಜಾಗದಲ್ಲಿ, ಕಲಿತ ಕೈಗಳಿಂದ, ಪರವಾನಿಗೆ ಪಡೆದ ಒಂದು ಘಟಕ ನಡೆಸುವುದೇ ಸರಿ.

ಕಸಕ್ಕೆ ಬೆಲೆ ಬಂದಾಗ

ಹಾಗಾದರೆ ಆ ಘಟಕ ಯಾರದಾಗಬೇಕು? ನಿಜವಾದ ವಾದ ಶುರುವಾಗುವುದು ಇಲ್ಲಿಂದ.

೨೦೧೯ರ ಆಗಸ್ಟ್ ೧೦ರಂದು ಸರಕಾರಿ ತೈಲ ಕಂಪನಿಗಳು ೧೦೦ ಊರುಗಳಲ್ಲಿ ಬಳಸಿದ ಎಣ್ಣೆಯ ಜೈವಿಕ ಡೀಸೆಲ್ಲನ್ನು ಕೊಳ್ಳುವುದಾಗಿ ಸಾರಿದವು. ಮೊದಲ ವರ್ಷಕ್ಕೆ ಲೀಟರಿಗೆ ೫೧ ರೂಪಾಯಿ ಎಂದು ಬೆಲೆ ಗೊತ್ತುಮಾಡಿದವು. ಡೀಸೆಲ್ಲಿಗೆ ಶೇಕಡ ೫ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು ೨೦೧೮ರ ರಾಷ್ಟ್ರೀಯ ನೀತಿ ೨೦೩೦ಕ್ಕೆ ಇಟ್ಟಿದೆ. ಈಚೆಗೆ ಇನ್ನೊಬ್ಬ ಗಿರಾಕಿ ಬಂದಿದ್ದಾನೆ, ಅದು ವಿಮಾನ. ಪಾಣಿಪತ್ತಿನ ಸರಕಾರಿ ಸಂಸ್ಕರಣಾಗಾರಕ್ಕೆ ಬಳಸಿದ ಅಡಿಗೆ ಎಣ್ಣೆಯಿಂದ ವಿಮಾನದ ಇಂಧನ ಮಾಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ ೨೦೨೫ರ ಆಗಸ್ಟಿನಲ್ಲಿ ದೊರಕಿತು. ವಿದೇಶಕ್ಕೆ ಹಾರುವ ವಿಮಾನಗಳಿಗೆ ೨೦೨೭ರಲ್ಲಿ ಶೇಕಡ ೧, ೨೦೨೮ರಲ್ಲಿ ಶೇಕಡ ೨, ೨೦೩೦ರಲ್ಲಿ ಶೇಕಡ ೫ರಷ್ಟು ಇಂತಹ ಇಂಧನ ಬೆರೆಸುವ ಗುರಿಯಿದೆ. ಯುರೋಪಿನ ದೇಶಗಳೂ ಬಳಸಿದ ಎಣ್ಣೆಯ ಇಂಧನಕ್ಕೆ ವಿಶೇಷ ಮನ್ನಣೆ ಕೊಟ್ಟಿರುವುದರಿಂದ ಅಲ್ಲಿಯೂ ಅದಕ್ಕೆ ಬೇಡಿಕೆ.

ಅಂದರೆ ನಿನ್ನೆಯವರೆಗೆ ಕಸವಾಗಿದ್ದುದು ಇಂದು ಸರಕಾಗಿದೆ. ಬಜ್ಜಿ ಗಾಡಿಯ ಎಣ್ಣೆ ಮೋಡದ ಮೇಲೆ ಹಾರಲು ಹೊರಟಿದೆ. ಹಾರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಸಕ್ಕೆ ಬೆಲೆ ಬಂದಕೂಡಲೇ ಗಾಡಿಯವನಿಗೂ ಘಟಕಕ್ಕೂ ನಡುವೆ ನಾಲ್ಕು ಕೈಗಳು ಹುಟ್ಟಿಕೊಳ್ಳುತ್ತವೆ. ಹಳೆಯ ಪೇಪರು, ಕಬ್ಬಿಣ ಆಯುವವರ ಕತೆ ನಮಗೆ ಗೊತ್ತಿಲ್ಲವೆ? ಬೀದಿಯಲ್ಲಿ ಆಯ್ದವನಿಗೆ ಬಿಡಿಕಾಸು, ಗೋದಾಮಿನವನಿಗೆ ಬಂಗಲೆ. ಟಿನ್ ಹಿಡಿದು ಬಂದು ಹಳೆಯ ಎಣ್ಣೆ ಕೊಂಡವನು ಅದನ್ನು ಡೀಸೆಲ್ ಘಟಕಕ್ಕೆ ಒಯ್ದನೋ, ಬಣ್ಣ ತಿಳಿಮಾಡಿ ಮತ್ತೊಂದು ಬೀದಿಯ ಹೋಟಲಿಗೆ ಮಾರಿದನೋ ಎಂದು ಕೇಳುವವರಾರು?

ಇನ್ನೊಂದು ಅಪಾಯವನ್ನೂ ಹೇಳಬೇಕು. ಇಂಧನದ ಹೆಸರಿನಲ್ಲಿ ಹೊಸ ಎಣ್ಣೆಯೂ ಯಂತ್ರದ ಬಾಯಿಗೆ ಬೀಳತೊಡಗಿದೆ. ಇಂಡೋನೇಷ್ಯವು ೨೦೨೫ರಿಂದ ತನ್ನ ಡೀಸೆಲ್ಲಿಗೆ ಶೇಕಡ ೪೦ರಷ್ಟು ತಾಳೆ ಎಣ್ಣೆಯ ಇಂಧನ ಬೆರೆಸುವ ಕಟ್ಟಳೆ ಮಾಡಿದೆ. ಅಲ್ಲಿ ಲಾರಿ ಕುಡಿದ ಎಣ್ಣೆ ಇಲ್ಲಿ ಬಡವರ ಒಗ್ಗರಣೆಗೆ ತುಟ್ಟಿಯಾಗಿ ಬರುತ್ತದೆ. ಮನುಷ್ಯನ ಹೊಟ್ಟೆಗೆ ಆಗುವ ಎಣ್ಣೆಯನ್ನು ಯಂತ್ರಕ್ಕೆ ಸುರಿಯುವುದನ್ನು ನಾವು ಒಪ್ಪಲಾರೆವು. ಹೊಟ್ಟೆಗೆ ಆಗದ ಎಣ್ಣೆ ಮಾತ್ರ ಯಂತ್ರಕ್ಕೆ ಹೋಗತಕ್ಕದ್ದು. ಈ ಗೆರೆಯನ್ನು ಕಾಯುವುದಕ್ಕಾದರೂ ಸಂಗ್ರಹಣೆಯ ಲೆಕ್ಕ ಜನರ ಕೈಯಲ್ಲಿರಬೇಕು.

ನಮ್ಮ ಸಲಹೆ

ಈ ನಾಡಿಗೆ ಸಹಕಾರದ ದಾರಿ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಸಹಕಾರ ಸಂಘ ಹುಟ್ಟಿತು. ಹಳ್ಳಿಹಳ್ಳಿಯ ಹಾಲಿನ ಡೇರಿಯನ್ನು ನೋಡಿ. ಎರಡು ಲೀಟರು ತಂದ ಮುದುಕಿಯ ಹಾಲನ್ನೂ ಅಳೆದು, ಕೊಬ್ಬಿನಂಶ ಪರೀಕ್ಷಿಸಿ, ಪುಸ್ತಕದಲ್ಲಿ ಬರೆದು ಬೆಲೆ ಕೊಡುತ್ತಾರೆ. ಹಾಲಿಗೆ ಆಗುವ ಏರ್ಪಾಡು ಹಳೆಯ ಎಣ್ಣೆಗೆ ಏಕಾಗಬಾರದು? ಧ್ರುವೀಯ ಸಂಯುಕ್ತಗಳನ್ನು ಬಾಣಲೆಯ ಬಳಿಯಲ್ಲೇ ಅಳೆಯುವ ಕೈಯಳತೆಯ ಉಪಕರಣಗಳು ಈಗ ದೊರೆಯುತ್ತವೆ.

ಇಷ್ಟು ಚಿಲ್ಲರೆ ಎಣ್ಣೆಗೆ ಸಂಘವೇ ಎಂದು ನಗುವವರಿರಬಹುದು. ಒಂದು ಬಡಾವಣೆಯ ಸುತ್ತಮುತ್ತ ೨೦೦ ಗಾಡಿ, ಸಣ್ಣ ಹೋಟಲುಗಳು ಸೇರಿ ದಿನಕ್ಕೆ ಎರಡೆರಡು ಲೀಟರು ಕೊಟ್ಟರೆ ೪೦೦ ಲೀಟರು. ೨೬ ದಿನಕ್ಕೆ ೧೦,೪೦೦ ಲೀಟರು. ಎಣ್ಣೆ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಇಂಧನ ಬರುತ್ತದೆ. ಅದನ್ನು ಐದರಲ್ಲಿ ಒಂದು ಪಾಲು ಬೆರೆಸಿದರೆ ಸುಮಾರು ೫೦ ಸಾವಿರ ಲೀಟರು ಮಿಶ್ರ ಡೀಸೆಲ್. ನಗರದ ಕಸದ ಲಾರಿಗಳಿಗೆ ಇದು ಸಣ್ಣ ಪ್ರಮಾಣವಲ್ಲ. ದುಡಿಯುವ ಕೈಗಳಿಗೂ ಆ ಭಾಗದಲ್ಲಿ ಬರವಿಲ್ಲ. ದೂರವಾಣಿನಗರದ ಐ.ಟಿ.ಐ., ಮುಚ್ಚಿಹೋದ ಎನ್.ಜಿ.ಇ.ಎಫ್., ಕೃಷ್ಣರಾಜಪುರದ ರೈಲ್ವೆ ಡೀಸೆಲ್ ಷೆಡ್ಡು, ಇವುಗಳಲ್ಲಿ ಪಳಗಿದ ಫಿಟ್ಟರುಗಳ ಅನುಭವ ಮೂಲೆಯಲ್ಲಿ ಕೂತಿದೆ.

ಆದಕಾರಣ ಸರಕಾರದ ಮುಂದೆಯೂ ನಗರಪಾಲಿಕೆಯ ಮುಂದೆಯೂ ನಾವು ಇಡುವ ಬೇಡಿಕೆಗಳು ಇವು:

೧. ಪ್ರತಿ ವಾರ್ಡಿನಲ್ಲಿ ಬಳಸಿದ ಎಣ್ಣೆ ಕೊಳ್ಳುವ ಒಂದು ಕಟ್ಟೆ ತೆರೆಯಬೇಕು. ಅಂದಿನ ಬೆಲೆಯನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಅರ್ಧ ಲೀಟರು ತಂದವನಿಗೂ ರಸೀದಿ ಕೊಡಬೇಕು.

೨. ಇಂತಹ ಕಟ್ಟೆ ತೆರೆಯುವವರೆಗೆ ಸಣ್ಣ ಗಾಡಿಯವನ ಮೇಲೆ ದಂಡ ಹಾಕುವುದನ್ನು ನಿಲ್ಲಿಸಿ, ಎಣ್ಣೆಯ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಡಬೇಕು.

೩. ದೊಡ್ಡ ಹೋಟಲುಗಳು, ಕಂಪನಿಗಳ ಅಡಿಗೆಮನೆಗಳು ಎಷ್ಟು ಎಣ್ಣೆ ಕೊಂಡವು, ಎಷ್ಟು ಹಿಂದಕ್ಕೆ ಕೊಟ್ಟವು ಎಂಬ ಲೆಕ್ಕವನ್ನು ಸಾರ್ವಜನಿಕರಿಗೆ ತಿಳಿಸಬೇಕು. ಮೇಲಿನ ಕಳವು ನಿಂತರೆ ಕೆಳಗಿನ ಕಲಬೆರಕೆ ತಾನಾಗಿಯೇ ಕಡಿಮೆಯಾಗುತ್ತದೆ.

೪. ಸಂಗ್ರಹಣೆಯ ಗುತ್ತಿಗೆಯನ್ನು ಮೊದಲು ಬೀದಿ ವ್ಯಾಪಾರಿಗಳ ಸಹಕಾರ ಸಂಘಕ್ಕೆ ಕೊಡಬೇಕು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯು ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆಂದು ಹೇಳುತ್ತದೆ. ಈ ಪ್ರಶ್ನೆಯನ್ನು ಆ ಸಮಿತಿಗಳ ಮುಂದೆ ತರಬೇಕು.

೫. ಮೆಥನಾಲ್ ಬಳಸುವ ಕೆಲಸ ಪರವಾನಿಗೆಯುಳ್ಳ ಘಟಕದೊಳಗೆ ಮಾತ್ರ ನಡೆಯಬೇಕು. ಅಲ್ಲಿ ದುಡಿಯುವವರಿಗೆ ಕೈಗವಸು, ಕನ್ನಡಕ, ವಿಮೆ, ಖಾಯಂ ಕೂಲಿ ಇರಬೇಕು.

೨೦೨೫ರ ಸೆಪ್ಟೆಂಬರಿನಿಂದ ಬೆಂಗಳೂರಿನ ಪಾಲಿಕೆಯು ಐದು ಪಾಲಾಗಿ, ಕೃಷ್ಣರಾಜಪುರದ ಭಾಗಕ್ಕೆ ಪೂರ್ವ ನಗರಪಾಲಿಕೆ ಬಂದಿದೆ. ಹೊಸ ಮನೆಗೆ ಹೊಸ ಕೆಲಸ ಬೇಕಲ್ಲವೆ? ಇದು ಅದರ ಮೊದಲ ಕೆಲಸಗಳಲ್ಲಿ ಒಂದಾಗಲಿ.

ಸರಕಾರದ ದಾರಿ ಕಾಯದೆ ನಾವೂ ಮಾಡಬಹುದಾದ್ದುಂಟು. ೧೯೪೮ರ ಕಾರ್ಖಾನೆ ಕಾಯಿದೆಯು ೨೫೦ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ಇರಬೇಕೆಂದಿತ್ತು, ಅದರ ಸಮಿತಿಯಲ್ಲಿ ಕಾರ್ಮಿಕರಿಗೂ ಎಡೆ ಕೊಟ್ಟಿತ್ತು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯು ಆ ಸಂಖ್ಯೆಯನ್ನು ೧೦೦ಕ್ಕೆ ಇಳಿಸಿದೆ. ಗಿರಣಿ ಕಾರ್ಮಿಕ ಬಂಧುಗಳು ತಮ್ಮ ಕ್ಯಾಂಟೀನಿನ ಬಾಣಲೆಯ ಎಣ್ಣೆಯನ್ನು ಎಷ್ಟು ಸಲ ಕಾಯಿಸುತ್ತಾರೆ, ಉಳಿದುದನ್ನು ಯಾರು ಒಯ್ಯುತ್ತಾರೆ ಎಂದು ಮುಂದಿನ ಯೂನಿಯನ್ ಸಭೆಯಲ್ಲಿ ಕೇಳಲಿ. ವ್ಯಾಪಾರಿ ಬಂಧುಗಳು ಉಳಿದ ಎಣ್ಣೆಯನ್ನು ಚರಂಡಿಗೂ ಸುರಿಯದೆ, ಗುರುತಿಲ್ಲದ ಟಿನ್ನಿನವನಿಗೂ ಮಾರದೆ, ಮುಚ್ಚಳವಿರುವ ಡಬ್ಬಿಯಲ್ಲಿ ನೀರು ತಾಗದಂತೆ ಕೂಡಿಡಲಿ. ಹತ್ತು ಗಾಡಿಯವರು ಒಂದಾಗಿ ಕೂಡಿಟ್ಟರೆ ಪರವಾನಿಗೆ ಇರುವ ಸಂಗ್ರಾಹಕನನ್ನು ತಾವೇ ಕರೆಸಿ ಬೆಲೆ ಮಾತನಾಡಬಹುದು. ಒಬ್ಬೊಬ್ಬನೇ ನಿಂತರೆ ಅವನು ಹೇಳಿದ್ದೇ ಬೆಲೆ, ಹತ್ತು ಜನ ಕೂಡಿದರೆ ನಮ್ಮ ಮಾತಿಗೂ ಬೆಲೆ. ಕೆಲಸವನ್ನು ಈ ವಾರವೇ ಆರಂಭಿಸಬಹುದು.